ನಡುಗಂಟು

ಕರ್ಣವೆಂದರೆ ಕಿವಿಯೂ ಹೌದು ನಮ್ಮ ನುಡಿಯಲ್ಲಿ.
ಮೊಜಾಂಬಿಕಿನ ಕಡಲಂಚಿನ ಅತೂಮಾನೆಗೆ ಇದು ಗೊತ್ತಿಲ್ಲ.
ಆದರೂ ಎಳೆದು ಬಿಗಿದ ಹಗ್ಗವನ್ನು ಬೆರಳಿಂದ ಮೀಟಿ
ತಲೆ ವಾಲಿಸಿ ಕೇಳುತ್ತಾನೆ.
ಬಿಗಿಯೋ ಸಡಿಲವೋ, ಅದೇ ಹೇಳಬೇಕು.
ಕಣ್ಣಿಗೆ ಪೊರೆ ಬಂದು ಮೂರು ವರ್ಷವಾಯಿತು.

ಎರಡು ಹಗ್ಗ, ತೆಂಗಿನ ನಾರಿನವು, ಒಂದೇ ಉದ್ದ.
ನಡುವಿಗೆ ನಡು ಸೇರಿಸಿ ಒಂದು ಗಂಟು.
ಇಷ್ಟೇ ಅವನ ಸಲಕರಣೆ.
ಮೂಲೆಮಟ್ಟವಿಲ್ಲ, ಕಾಗದವಿಲ್ಲ,
ದವಡೆಯಲ್ಲೊಂದು ಗೇರುಹಣ್ಣಿನ ಚೂರು.
ಹಗ್ಗ ಹೆಚ್ಚುಕಮ್ಮಿಯಾದರೆ ಮನೆ
ಕುಡುಕನ ಹಾಗೆ ಒಂದೇ ಕಡೆ ವಾಲುತ್ತದೆ,
ಗಂಟು ಜಾರಿದರೆ ಕುಂಟುತ್ತದೆ,
ಎನ್ನುತ್ತಾನೆ ಕೇಳಿದವರಿಗೆ. ಕೇಳದವರಿಗೂ.

ಬಿರುಗಾಳಿ ಕೆಡವಿದ ಜಾಗದಲ್ಲೇ
ಮುವಾನಾಶಾಳಿಗೆ ಹೊಸ ಮನೆ ಬೇಕು.
ಹಳೆಯದರ ಒಂದು ಮೂಲೆ ಒಳಕ್ಕೆ ಕುಸಿದು
ಒಲೆಯ ಕಲ್ಲಿನ ತನಕ ಬಂದು ಕೂತಿತ್ತು.
ಅದನ್ನೇ ಮೊಮ್ಮಗಳು ಅತೀಜಾ
ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದಳು:
ನಾಲ್ಕು ಬದಿ, ನಾಲ್ಕು ಮೂಲೆ, ಚತುರ್ಭುಜವೇ ಸರಿ;
ಆದರೆ ಕರ್ಣ ಎಳೆದರೆ ಒಂದು ಒಳಗೆ,
ಇನ್ನೊಂದು ಹೊರಗೆ, ಅಂಗಳದಲ್ಲೇ ಉಳಿಯಿತು.
ಒಂದೇ ಮನೆಯ ಎರಡು ಗೆರೆ
ಒಂದನ್ನೊಂದು ಮುಟ್ಟದೆ.
ಮೇಷ್ಟರಿಗೆ ತೋರಿಸಿದಳು.
"ಅದು ಪರೀಕ್ಷೆಗಿಲ್ಲ" ಎಂದರು.

ಬೆಳಿಗ್ಗೆ, ಇಬ್ಬನಿ ಆರುವ ಮೊದಲು,
ಬಿದಿರು ಮಲಗಿಸಿ ಅಗಲ ಗುರುತಿಸಿದರು.
ಅದರ ತುದಿಗೊಂದು ಗೂಟ, ಗೂಟಕ್ಕೊಂದು ಹಗ್ಗ.
ಉಳಿದ ತುದಿಗಳನ್ನು ಹಿಡಿದು ಹಿಂದೆ ಹಿಂದೆ ನಡೆದರು
ಒಂದು ಕಡೆ ಅತೀಜಾ,
ಇನ್ನೊಂದು ಕಡೆ ಮೀನು ಮಾರಲು ಹೊರಟಿದ್ದ ಉಸ್ಸೇನೆ.
ಗಂಟು ನೆಲ ಬಿಟ್ಟೆದ್ದು ಗಾಳಿಯಲ್ಲಿ ನಡುಗಿತು.
ಅತೂಮಾನೆ ಮೀಟಿದ, ಕೇಳಿದ,
"ಹೊಡೆಯಿರಿ ಗೂಟ" ಎಂದ.

ಬಿದಿರು ಹೊತ್ತು ಆಚೆ ಬದಿಗಿಟ್ಟರೆ
ಸಾಲಲಿಲ್ಲ. ಮೂರು ಬೆರಳು.

ಮುದುಕ ಬಿದಿರನ್ನು ಬೈದ. ಮರಳನ್ನು ಬೈದ.
ಉಸ್ಸೇನೆಯ ಕೈಯ ಮೀನಿನ ಜಿಡ್ಡನ್ನು ಬೈದ.
ನಲವತ್ತು ವರ್ಷ, ಊರಿನ ಅರ್ಧ ಮನೆಗಳು
ಈ ಗಂಟಿನ ಹೊಟ್ಟೆಯಲ್ಲಿ ಹುಟ್ಟಿದವು;
ಅದನ್ನು ಬೈಯಲು ಅವನಿಗೆ ಹೊಳೆಯಲೇ ಇಲ್ಲ.

ಅವನು ನೀರು ಕುಡಿಯಲು ನೆರಳಿಗೆ ಹೋದಾಗ
ಅತೀಜಾ ಹಗ್ಗ ಮಡಿಸಿ ತುದಿಗೆ ತುದಿ ಹಿಡಿದಳು.
ಒಂದರ ಮಡಿಕೆ ಗಂಟಿನಲ್ಲೇ ಬಂತು.
ಇನ್ನೊಂದರದು ಗಂಟು ದಾಟಿ,
ನಾರು ಸವೆದು ನುಣ್ಣಗಾದ ಕಡೆ.
ಯಾರಿಗೂ ಹೇಳದೆ ಜಾರಿತ್ತು.
ಹೋದ ಮನೆಯಲ್ಲೋ, ಅದರ ಹಿಂದಿನದರಲ್ಲೋ?
ಉಸ್ಸೇನೆಯ ಬಾಗಿಲು ಯಾಕೆ ಪೂರ್ತಿ ಮುಚ್ಚುವುದಿಲ್ಲವೆಂದು
ಅವಳಿಗೀಗ ತಿಳಿಯಿತು.
ಉಸ್ಸೇನೆಯ ಕಡೆ ನೋಡಲಿಲ್ಲ.

ಹಲ್ಲಿನಿಂದ ಗಂಟು ಬಿಡಿಸಿದಳು.
ನಡುವಿಗೆ ನಡು ತಂದು ಮತ್ತೆ ಬಿಗಿದಳು,
ಅವನು ಕಟ್ಟುವ ಹಾಗೆಯೇ, ಎಡದೆಳೆ ಮೇಲಾಗಿ.
ಸಮನಾದ ಕರ್ಣಗಳು ಪರಸ್ಪರ ಅರ್ಧಿಸಿದರೆ ಆಯತ.
ಕರಿಹಲಗೆಯ ಮೇಲೆ ಈ ಮಾತಿಗೆ
ಏಳು ಸಾಲಿನ ಸಾಧನೆ ಇತ್ತು,
ಅವಳಿಗೆ ಐದನೆಯದು ಯಾವಾಗಲೂ ಮರೆಯುತ್ತಿತ್ತು.
ಇಲ್ಲಿ ಅದು ನಾಲಗೆಗೆ ಉಪ್ಪುಪ್ಪಾಗಿ ಹತ್ತಿತು.

ಎರಡನೆಯ ಸಲ ಬಿದಿರು ಕೂತಿತು,
ಕೂದಲೆಳೆಯಷ್ಟೂ ಆಚೀಚೆಯಿಲ್ಲದೆ.
ಅತೂಮಾನೆ ಗಂಟಿನ ಬಳಿ ಕುಕ್ಕರಗಾಲಲ್ಲಿ ಕೂತ.
ಹೆಬ್ಬೆರಳಿಂದ ಸವರಿದ,
ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು.
"ಒದ್ದೆಯಾಗಿದೆಯಲ್ಲ" ಎಂದ.
"ಇಬ್ಬನಿ ತಾತ" ಎಂದಳು.
ಸೂರ್ಯ ನೆತ್ತಿಗೆ ಬಂದಿದ್ದ.

ಈಗ ಅಲ್ಲಿ ಮಣ್ಣು ಮೆತ್ತಿದ ಗೋಡೆಗಳಿವೆ,
ತೆಂಗಿನ ಗರಿಯ ಸೂರು.
ಗೆರೆಗಳಿಲ್ಲ. ಹಗ್ಗ ಬೇರೆ ಯಾರದೋ ಅಂಗಳದಲ್ಲಿದೆ.
ಅವು ಹಾಯ್ದ ಜಾಗದ ಮೇಲೆ ಮುವಾನಾಶಾ
ರಾತ್ರಿ ಚಾಪೆ ಹಾಸುತ್ತಾಳೆ,
ಯಾವ ಗೋಡೆಗೂ ಸಮನಾಗಿ ಅಲ್ಲ,
ಓರೆಯಾಗಿ,
ಬಾಗಿಲಿಂದ ಗಾಳಿ ಬರುವ ಕಡೆಗೆ.